ಗ್ರೆನಾಶ್ ಕೆಂಪು ವೈನ್: ರುಚಿ ನೋಡುವ ಕ್ರಮ, ಬಡಿಸುವ ಕ್ರಮ



ನಮ್ಮ ಠಾಣೆ, ಡೊಂಬಿವಲಿ, ಕಲ್ಯಾಣ ಕಡೆ ‘ವೈನ್ ಶಾಪ್’ ಎಂದರೆ ವಿಸ್ಕಿ, ರಮ್ ಸಿಗುವ ಅಂಗಡಿ ಎಂದೇ ಅರ್ಥ. ನಿಜವಾದ ವೈನ್, ಅಂದರೆ ದ್ರಾಕ್ಷಿ ರಸವನ್ನು ಹುದುಗಿಸಿ ಮಾಡಿದ ಪಾನೀಯ, ಆ ಅಂಗಡಿಯ ಒಂದು ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿರುತ್ತದೆ. ನಮ್ಮ ಪರ್ಮಿಟ್ ರೂಮ್‌ಗಳ ಕಥೆಯೂ ಬಹಳ ಬೇರೆಯಲ್ಲ. ಗಲ್ಲೆಯ ಹಿಂದೆ ಶೋಕೇಸಿನಲ್ಲಿ ಎರಡು ಬಾಟಲಿ ವೈನ್ ನಿಲ್ಲಿಸಿರುತ್ತೇವೆ. ಅದು ಮಾರುವುದಕ್ಕಿಂತ ಹೆಚ್ಚಾಗಿ ಅಲಂಕಾರಕ್ಕೆ.

ಆದರೆ ಗಿರಾಕಿ ಬದಲಾಗಿದ್ದಾರೆ. ಘೋಡ್‌ಬಂದರ್ ರಸ್ತೆಯ ಟವರುಗಳು, ಡೊಂಬಿವಲಿ ಹತ್ತಿರದ ಪಲಾವಾ, ಐರೋಲಿಯ ಐಟಿ ಕಂಪೆನಿಗಳು, ವಾಶಿ, ಖಾರ್‌ಘರ್ ಎಲ್ಲ ಕಡೆಯಿಂದ ಗಂಡ-ಹೆಂಡತಿ, ಮಕ್ಕಳು, ಅತ್ತೆ-ಮಾವ ಸಮೇತ ಕುಟುಂಬವಾಗಿ ಬರುವವರು ಹೆಚ್ಚಿದ್ದಾರೆ. ವಿದೇಶಕ್ಕೆ ಹೋಗಿ ಬಂದವರು ಮೆನು ಮಗುಚಿ ನೋಡಿ ‘ಶಿರಾಜ್ ಇದೆಯಾ, ಮೆರ್ಲೋ ಇದೆಯಾ, ಗ್ರೆನಾಶ್ ಇದೆಯಾ’ ಎಂದು ಕೇಳುತ್ತಾರೆ. ಆಗ ನಮ್ಮ ಕ್ಯಾಪ್ಟನ್ ‘ರೆಡ್ ಇದೆ ಸರ್, ವೈಟ್ ಇದೆ ಸರ್’ ಎನ್ನುತ್ತಾನೆ. ಗಿರಾಕಿ ನಕ್ಕು ಬಿಯರ್ ಹೇಳುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ, ನಮ್ಮ ಒಂದು ವ್ಯಾಪಾರವೂ ಮುಗಿಯುತ್ತದೆ.

2025ರ ಜೂನ್‌ನಲ್ಲಿ ಮಹಾರಾಷ್ಟ್ರ ಸರಕಾರ ವಿಸ್ಕಿ, ರಮ್ ಮುಂತಾದ ಮದ್ಯದ ಸುಂಕ ಏರಿಸಿದ್ದು, ಜುಲೈ 14ರಂದು ರಾಜ್ಯದಾದ್ಯಂತ ಪರ್ಮಿಟ್ ರೂಮ್‌ಗಳು ಬಾಗಿಲು ಮುಚ್ಚಿ ಪ್ರತಿಭಟಿಸಿದ್ದು ನಮಗೆಲ್ಲ ಗೊತ್ತಿದೆ. ಆ ಏರಿಕೆಯಲ್ಲಿ ಬಿಯರ್ ಮತ್ತು ವೈನ್ ಸೇರಿರಲಿಲ್ಲ. ಪೆಗ್ಗಿನ ದರ ಏರಿ ಗಿರಾಕಿ ಮನೆಯಲ್ಲೇ ಕುಡಿದು ಬರುವ ಕಾಲದಲ್ಲಿ, ಊಟದ ಜೊತೆ ಒಂದು ಗ್ಲಾಸು ವೈನ್ ಮಾರುವುದನ್ನು ನಾವು ಕಲಿಯದೆ ಇದ್ದರೆ ನಷ್ಟ ನಮ್ಮದೇ. ಇಷ್ಟೆಲ್ಲ ವೈನ್‌ಗಳಿರುವಾಗ ಗ್ರೆನಾಶ್ ಒಂದನ್ನೇ ಇಲ್ಲಿ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕೆಂಪು ವೈನ್‌ಗಳಲ್ಲಿ ನಮ್ಮ ಮಸಾಲೆ ಊಟದ ಜೊತೆ ಜಗಳ ಆಡದೆ ಕೂರುವ ಜಾತಿ ಇದು. ಹೊಸಬರಿಗೂ ಬೇಗ ಹಿಡಿಸುತ್ತದೆ.

ಗ್ರೆನಾಶ್ ಎಂದರೇನು?

ಗ್ರೆನಾಶ್ ಎನ್ನುವುದು ಕಂಪೆನಿಯ ಹೆಸರಲ್ಲ, ಬ್ರ್ಯಾಂಡೂ ಅಲ್ಲ. ಅದು ದ್ರಾಕ್ಷಿಯ ಜಾತಿ. ನಮ್ಮಲ್ಲಿ ಮಾವಿನಲ್ಲಿ ಮಲ್ಗೋವಾ, ಬಾದಾಮಿ, ತೋತಾಪುರಿ ಇದ್ದ ಹಾಗೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ಹುಡುಗರು ‘ಗ್ರೆನಾಚೆ’ ಎನ್ನುತ್ತಾರೆ. ‘ಗ್ರೆನಾಶ್’ ಎಂದು ಹೇಳಿಕೊಡಬೇಕು.

ಇದರ ತವರು ಸ್ಪೇನ್ ದೇಶದ ಅರಗಾನ್ ಪ್ರಾಂತ್ಯ ಎಂದು ಹೆಚ್ಚಿನವರು ಒಪ್ಪುತ್ತಾರೆ. ಸ್ಪೇನಿನಲ್ಲಿ ಇದಕ್ಕೆ ‘ಗರ್ನಾಚಾ’ ಎಂದು ಹೆಸರು. ಇಟಲಿಯ ಸಾರ್ಡೀನಿಯಾ ದ್ವೀಪದವರು ‘ಕನ್ನೊನೌ’ ಎನ್ನುತ್ತಾರೆ, ಮತ್ತು ದ್ರಾಕ್ಷಿ ಮೊದಲು ನಮ್ಮದೇ ಎಂದು ವಾದಿಸುತ್ತಾರೆ. ಫ್ರಾನ್ಸಿನ ದಕ್ಷಿಣದ ರೋನ್ ಕಣಿವೆಯಲ್ಲಿ ಇದು ಮುಖ್ಯ ಬೆಳೆ. ಅಲ್ಲಿಯ ‘ಶಾತೋನಫ್ ದು ಪಾಪ್’ ಎಂಬ ಹೆಸರಾಂತ ವೈನಿಗೆ 13 ಜಾತಿಯ ದ್ರಾಕ್ಷಿ ಬಳಸಲು ಅನುಮತಿ ಇದ್ದರೂ ದೊಡ್ಡ ಪಾಲು ಗ್ರೆನಾಶ್‌ನದ್ದೇ. 14ನೇ ಶತಮಾನದಲ್ಲಿ ಪೋಪ್ ಗುರುಗಳು ರೋಮ್ ಬಿಟ್ಟು ಅಲ್ಲಿಯೇ ಹತ್ತಿರದ ಅವಿನ್ಯೋನ್ ನಗರದಲ್ಲಿ ಇದ್ದರು. ಅದರಿಂದಲೇ ಆ ಹೆಸರು. ಆಸ್ಟ್ರೇಲಿಯಾದ ಬರೋಸಾ ಕಣಿವೆಯಲ್ಲಿ ನೂರು ವರ್ಷ ದಾಟಿದ ಗ್ರೆನಾಶ್ ಗಿಡಗಳು ಇಂದಿಗೂ ಫಲ ಕೊಡುತ್ತಿವೆ.

ಬಾಟಲಿಯ ಮೇಲೆ ‘ಜಿ.ಎಸ್.ಎಂ.’ ಎಂದು ಕಂಡರೆ ಅದು ಮೂರು ದ್ರಾಕ್ಷಿಗಳ ಮಿಶ್ರಣ: ಗ್ರೆನಾಶ್, ಸಿರಾ, ಮೂರ್ವೆದ್ರ. ಸಿರಾ ಎಂದರೆ ನಾವು ಶಿರಾಜ್ ಎನ್ನುವುದೇ. ಇದರಲ್ಲಿ ಗ್ರೆನಾಶ್ ಹಣ್ಣಿನ ರುಚಿ ಮತ್ತು ಬಿಸುಪು ಕೊಡುತ್ತದೆ, ಸಿರಾ ಬಣ್ಣ ಕೊಡುತ್ತದೆ, ಮೂರ್ವೆದ್ರ ಗಟ್ಟಿತನ ಕೊಡುತ್ತದೆ. ನಾವು ಇಡ್ಲಿಗೆ ಅಕ್ಕಿ, ಉದ್ದು, ಮೆಂತೆ ಹಾಕುವ ಲೆಕ್ಕಾಚಾರವೇ ಇಲ್ಲಿಯೂ.

ದ್ರಾಕ್ಷಿಯ ಗುಣ, ವೈನಿನ ಗುಣ

ದ್ರಾಕ್ಷಿಯ ಗುಣ ತಿಳಿದರೆ ವೈನಿನ ರುಚಿ ತಾನಾಗಿ ಅರ್ಥವಾಗುತ್ತದೆ. ಬಾಯಿಪಾಠ ಮಾಡಬೇಕಿಲ್ಲ.

ಒಂದು, ಗ್ರೆನಾಶ್ ಬಿಸಿಲನ್ನು, ಒಣ ನೆಲವನ್ನು, ಗಾಳಿಯನ್ನು ತಡೆಯುವ ಗಿಡ. ಹಣ್ಣಾಗುವುದು ತಡ. ತಡವಾಗಿ, ಬಿಸಿಲಿನಲ್ಲಿ ಹಣ್ಣಾದ್ದರಿಂದ ಸಕ್ಕರೆ ಅಂಶ ಹೆಚ್ಚು. ಹುದುಗುವಾಗ ಆ ಸಕ್ಕರೆಯೇ ಮದ್ಯಸಾರವಾಗುತ್ತದೆ. ಆದ್ದರಿಂದ ಗ್ರೆನಾಶ್ ವೈನಿನಲ್ಲಿ ಮದ್ಯಸಾರ ಶೇಕಡಾ 14ರಿಂದ 15ರವರೆಗೆ ಇರುವುದು ಸಾಮಾನ್ಯ.

ಎರಡು, ಇದರ ಸಿಪ್ಪೆ ತೆಳು. ಕೆಂಪು ವೈನಿಗೆ ಬಣ್ಣವೂ ಒಗರೂ ಬರುವುದು ಹೆಚ್ಚಾಗಿ ಸಿಪ್ಪೆಯಿಂದ. ಸಿಪ್ಪೆ ತೆಳುವಾದ್ದರಿಂದ ಬಣ್ಣ ತಿಳಿ, ಒಗರು ಕಡಿಮೆ. ಊರಿನಲ್ಲಿ ಗೇರುಹಣ್ಣು ಕಚ್ಚಿದಾಗ ನಾಲಿಗೆಯನ್ನು ಹಿಡಿದುಕೊಳ್ಳುವ ಚೊಗರು ನಮಗೆಲ್ಲ ಗೊತ್ತು. ವೈನಿನಲ್ಲಿ ಅದಕ್ಕೆ ‘ಟ್ಯಾನಿನ್’ ಎನ್ನುತ್ತಾರೆ. ಕ್ಯಾಬರ್ನೆ ಸುವಿನ್ಯೋನ್ ವೈನಿನಲ್ಲಿ ಅದು ಜೋರು. ಗ್ರೆನಾಶ್‌ನಲ್ಲಿ ಮೆತ್ತಗೆ.

ಮೂರು, ಇದರಲ್ಲಿ ಹುಳಿ ಅಷ್ಟು ಹೆಚ್ಚಲ್ಲ. ಹಾಗಾಗಿ ಕುಡಿಯುವಾಗ ದುಂಡಗೆ, ಮೃದುವಾಗಿ ಅನಿಸುತ್ತದೆ.

ನಾಲ್ಕು, ಗಾಳಿ ತಗಲಿದರೆ ಬೇಗ ಸೋಲುವ ವೈನ್ ಇದು. ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ, ಹಣ್ಣಿನ ಪರಿಮಳ ಹೋಗುತ್ತದೆ. ವ್ಯಾಪಾರಿಗಳಾದ ನಮಗೆ ಈ ನಾಲ್ಕನೇ ಗುಣ ಬಹಳ ಮುಖ್ಯ. ಮುಂದೆ ಲೆಕ್ಕ ಹೇಳುವಾಗ ಮತ್ತೆ ಈ ಮಾತು ಬರುತ್ತದೆ.

ರುಚಿ ನೋಡುವ ಮೊದಲು

ರುಚಿ ನೋಡುವುದು ನಮಗೆ ಹೊಸ ವಿದ್ಯೆಯಲ್ಲ. ಕಾಫಿ ಡಿಕಾಕ್ಷನ್ ಹಳತೋ ಹೊಸತೋ ಎಂದು ನಾವು ಮೂಗಿನಿಂದಲೇ ಹೇಳುತ್ತೇವೆ. ಸಾಂಬಾರಿನ ಪರಿಮಳ ಬಂದ ಕೂಡಲೇ ಇಂಗು ಹೆಚ್ಚಾಯಿತು ಎನ್ನುತ್ತೇವೆ. ಅದೇ ಮೂಗು, ಅದೇ ನಾಲಿಗೆ ಇಲ್ಲಿ ಸಾಕು. ಕ್ರಮ ಮಾತ್ರ ತಿಳಿದಿರಬೇಕು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ವ್ಯಾಪಾರ ಶುರುವಾಗುವ ಮೊದಲು, ನಾಲ್ಕು ಗಂಟೆಯ ಹೊತ್ತು ಇದಕ್ಕೆ ಒಳ್ಳೆಯದು. ಸಂಜೆ ದೇವರಿಗೆ ಅಗರಬತ್ತಿ ಹಚ್ಚುವ ಮೊದಲೇ ಮಾಡಿ ಮುಗಿಸಿ. ಅಗರಬತ್ತಿ, ಫಿನಾಯಿಲ್, ಮೀನು ಹುರಿಯುವ ಹೊಗೆ ಇವು ಇದ್ದಲ್ಲಿ ವೈನಿನ ಪರಿಮಳ ಸಿಗುವುದಿಲ್ಲ. ಅದಕ್ಕೆ ಅರ್ಧ ಗಂಟೆ ಮೊದಲು ಚಹಾ, ಬೀಡ, ಗುಟ್ಕಾ, ಸಿಗರೇಟು ಬೇಡ. ಬಾಯಿ ತೊಳೆಯಲು ನೀರು, ನಡುವೆ ತಿನ್ನಲು ಸಪ್ಪೆ ಪಾವ್ ಇಟ್ಟುಕೊಳ್ಳಿ. ಮಸಾಲೆ ಕಡಲೆ ಬೇಡ.

ಗ್ಲಾಸು ತೆಳ್ಳಗಿನ ಗಾಜಿನದು, ಕಾಲಿರುವುದು, ಹೊಟ್ಟೆ ಅಗಲ ಬಾಯಿ ಕಿರಿದು ಇರುವುದು ಬೇಕು. ಪರಿಮಳ ಒಳಗೆ ನಿಲ್ಲುವುದಕ್ಕಾಗಿ ಈ ಆಕಾರ. ತೊಳೆದ ಗ್ಲಾಸನ್ನು ಒಮ್ಮೆ ಮೂಸಿ ನೋಡಿ. ಸೋಪಿನ ವಾಸನೆಯೋ ಒರೆಸುವ ಬಟ್ಟೆಯ ಮುಗ್ಗಲು ವಾಸನೆಯೋ ಬಂದರೆ ಸಾವಿರಾರು ರೂಪಾಯಿಯ ವೈನೂ ಅದರಲ್ಲಿ ಹಾಳು. ನಮ್ಮ ಹೋಟೇಲುಗಳಲ್ಲಿ ವೈನಿನ ಬಗ್ಗೆ ಬರುವ ದೂರುಗಳಲ್ಲಿ ಎಷ್ಟೋ ಗ್ಲಾಸಿನ ತಪ್ಪೇ ಆಗಿರುತ್ತವೆ.

ಕಣ್ಣು, ಮೂಗು, ನಾಲಿಗೆ

ಕಣ್ಣಿನಿಂದ: ಗ್ಲಾಸಿನ ಮೂರನೇ ಒಂದು ಪಾಲಿನಷ್ಟು ಮಾತ್ರ ಹಾಕಿ. ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ನೋಡಿ. ಎಳೆಯ ಗ್ರೆನಾಶ್ ಪುನರ್ಪುಳಿ ಶರಬತ್ತಿನ ಹಾಗೆ ತಿಳಿ ಕೆಂಪು, ಹಿಂದಿನ ಅಕ್ಷರ ಸ್ವಲ್ಪ ಕಾಣುವಷ್ಟು ಪಾರದರ್ಶಕ. ‘ಬಣ್ಣ ತೆಳು, ನೀರು ಬೆರೆಸಿದ್ದಾರೆ’ ಎಂದು ಗಿರಾಕಿ ಹೇಳಿದರೆ ಜಾತಿಯ ಗುಣವೇ ಹಾಗೆ ಎಂದು ತಿಳಿಸಬೇಕು. ಅಂಚಿನಲ್ಲಿ ಇಟ್ಟಿಗೆ ಬಣ್ಣ, ಕಿತ್ತಳೆ ಛಾಯೆ ಕಂಡರೆ ವೈನಿಗೆ ವಯಸ್ಸಾಗಿದೆ ಎಂದು ಅರ್ಥ. ಎರಡು ವರ್ಷದ ಬಾಟಲಿಯಲ್ಲಿಯೇ ಹಾಗೆ ಕಂಡರೆ ಸಂಗ್ರಹ ಸರಿಯಿರಲಿಲ್ಲ ಎಂದು ಸಂಶಯಪಡಬೇಕು. ಗ್ಲಾಸು ಆಡಿಸಿದಾಗ ಒಳಗೋಡೆಯಲ್ಲಿ ಹನಿಗಳು ನಿಧಾನವಾಗಿ ಇಳಿಯುವುದು ಕಾಣುತ್ತದೆ. ಅದು ಹೆಚ್ಚಾಗಿ ಮದ್ಯಸಾರದ ಗುರುತು, ಉತ್ತಮ ದರ್ಜೆಯ ಗುರುತಲ್ಲ.

ಮೂಗಿನಿಂದ: ಮೊದಲು ಆಡಿಸದೆ ಒಮ್ಮೆ ಮೂಸಿ. ಆಮೇಲೆ ಗ್ಲಾಸನ್ನು ಮೇಜಿನ ಮೇಲೆಯೇ ಇಟ್ಟು ಎರಡು ಮೂರು ಸುತ್ತು ತಿರುಗಿಸಿ, ಮತ್ತೆ ಮೂಸಿ. ವ್ಯತ್ಯಾಸ ತಿಳಿಯುತ್ತದೆ. ಗ್ರೆನಾಶ್‌ನಲ್ಲಿ ಮೊದಲು ಬರುವುದು ಕೆಂಪು ಹಣ್ಣುಗಳ ಪರಿಮಳ. ನಮಗೆ ಹತ್ತಿರದ ಹೋಲಿಕೆ ಎಂದರೆ ಮಹಾಬಲೇಶ್ವರದ ಸ್ಟ್ರಾಬೆರಿ, ಅದೂ ಬುಟ್ಟಿಯಲ್ಲಿ ಒಂದು ದಿನ ಇದ್ದು ಚೆನ್ನಾಗಿ ಮಾಗಿದ್ದು. ಅದರ ಹಿಂದೆ ಬಿಳಿ ಕಾಳುಮೆಣಸಿನ ನವಿರಾದ ಖಾರ, ಸ್ವಲ್ಪ ದಾಲ್ಚಿನ್ನಿ, ಜ್ಯೇಷ್ಠಮಧು, ಒಣಗಿದ ಕಿತ್ತಳೆ ಸಿಪ್ಪೆ, ಒಣ ಸೊಪ್ಪಿನ ವಾಸನೆ. ಹಳತಾದ ಹಾಗೆ ಅಂಜೂರ, ಖರ್ಜೂರ, ಚರ್ಮದ ವಾಸನೆ ಬರುತ್ತದೆ. ಇವೆಲ್ಲ ವೈನಿಗೆ ಬೆರೆಸಿದ ವಸ್ತುಗಳಲ್ಲ, ದ್ರಾಕ್ಷಿ ಮತ್ತು ಹುದುಗುವಿಕೆಯಿಂದ ತಾವಾಗಿ ಹುಟ್ಟಿದವು. ‘ಇದರಲ್ಲಿ ಸ್ಟ್ರಾಬೆರಿ ಎಸೆನ್ಸ್ ಹಾಕಿದ್ದಾರೆಯೇ’ ಎಂದು ಕೇಳುವ ಗಿರಾಕಿಗೆ ಇದೇ ಉತ್ತರ.

ಎಲ್ಲರಿಗೂ ಎಲ್ಲ ಪರಿಮಳ ಸಿಗಲೇಬೇಕು ಎಂದಿಲ್ಲ. ಪುಸ್ತಕದಲ್ಲಿ ರಾಸ್‌ಬೆರಿ ಎಂದು ಬರೆದಿರುತ್ತದೆ. ನಮ್ಮಲ್ಲಿ ಅದನ್ನು ತಿಂದವರು ಎಷ್ಟು ಮಂದಿ? ನಿಮಗೆ ಬೆಲ್ಲದ ಪಾಕದ ನೆನಪೋ ಒಣ ದ್ರಾಕ್ಷಿಯ ನೆನಪೋ ಬಂದರೆ ಹಾಗೆಯೇ ಹೇಳಿ. ಗಿರಾಕಿಗೂ ಅದೇ ಬೇಗ ಅರ್ಥವಾಗುತ್ತದೆ.

ನಾಲಿಗೆಯಿಂದ: ಒಂದು ದೊಡ್ಡ ಚಮಚದಷ್ಟು ಬಾಯಿಗೆ ತೆಗೆದುಕೊಂಡು, ಕೂಡಲೇ ನುಂಗದೆ ನಾಲ್ಕೈದು ಸೆಕೆಂಡು ಬಾಯಿತುಂಬ ಆಡಿಸಿ. ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಸಿಹಿ ಇದೆಯೇ? ಕೆನ್ನೆಯ ಒಳಗೆ ನೀರೂರಿಸುವ ಹುಳಿ ಎಷ್ಟು? ವಸಡಿನ ಮೇಲೆ ಚೊಗರು ಎಷ್ಟು? ಗಂಟಲಲ್ಲಿ ಮದ್ಯಸಾರದ ಬಿಸಿ ಎಷ್ಟು? ಒಳ್ಳೆಯ ಗ್ರೆನಾಶ್‌ನಲ್ಲಿ ಹಣ್ಣಿನ ತುಂಬು ರುಚಿ, ಮೆತ್ತನೆಯ ಚೊಗರು, ಹಿತವಾದ ಬಿಸಿ ಇರಬೇಕು. ಬಿಸಿ ಮಾತ್ರ ಇದ್ದು ಹಣ್ಣು ಇಲ್ಲದಿದ್ದರೆ ಅದು ಸಾಧಾರಣ ವೈನ್, ಇಲ್ಲವೆ ಬೆಚ್ಚಗಾಗಿರುವ ವೈನ್.

ಕೊನೆಗೆ ನುಂಗಿದ ಮೇಲೆ, ಅಥವಾ ಉಗುಳಿದ ಮೇಲೆ, ರುಚಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಎಣಿಸಿ. ಒಳ್ಳೆಯ ಕಾಫಿ ಕುಡಿದು ಹತ್ತು ನಿಮಿಷ ಬಾಯಲ್ಲಿ ಇರುವ ಹಾಗೆ ಒಳ್ಳೆಯ ವೈನೂ ಬಾಯಲ್ಲಿ ನಿಲ್ಲುತ್ತದೆ. ಮೂರ್ನಾಲ್ಕು ಬಗೆ ರುಚಿ ನೋಡುವಾಗ ಉಗುಳುವುದೇ ಪದ್ಧತಿ, ಅದರಲ್ಲಿ ನಾಚಿಕೆ ಏನಿಲ್ಲ. ಒಂದು ಸ್ಟೀಲ್ ಪಾತ್ರೆ ಇಟ್ಟುಕೊಳ್ಳಿ. ಸಂಜೆ ಗಲ್ಲೆಗೆ ಕೂರಬೇಕಾದವರು ನಾವು.

‘ಶೇಠ್, ಗೋಡ್ ಆಹೇ ಕಾ?’

ನಮ್ಮ ಕಡೆಯ ಗಿರಾಕಿಯ ಮೊದಲ ಪ್ರಶ್ನೆ ಇದೇ, ಸಿಹಿ ಇದೆಯೇ ಎಂದು. ಗೋವಾದ ಪೋರ್ಟ್ ವೈನ್ ಕುಡಿದು ಬಂದವರು ವೈನ್ ಎಂದರೆ ಸಿಹಿ ಎಂದೇ ತಿಳಿದಿದ್ದಾರೆ. ಸಾಮಾನ್ಯ ಗ್ರೆನಾಶ್ ಕೆಂಪು ವೈನ್ ಸಿಹಿ ಅಲ್ಲ. ಸಕ್ಕರೆ ಹೆಚ್ಚುಕಡಿಮೆ ಎಲ್ಲ ಹುದುಗಿ ಹೋಗಿರುತ್ತದೆ. ಆದರೆ ಮಾಗಿದ ಹಣ್ಣಿನ ರುಚಿ, ಹೆಚ್ಚು ಮದ್ಯಸಾರ, ಕಡಿಮೆ ಚೊಗರು ಸೇರಿ ಸಿಹಿಯ ಭಾವನೆ ಕೊಡುತ್ತವೆ. ಆದ್ದರಿಂದ ಹುಡುಗರು ‘ಸ್ವೀಟ್ ಇದೆ ಸರ್’ ಎಂದು ಮಾರಬಾರದು. ‘ಸಕ್ಕರೆ ಸಿಹಿ ಇಲ್ಲ, ಹಣ್ಣಿನ ರುಚಿ ಚೆನ್ನಾಗಿದೆ, ಕಹಿ-ಒಗರು ಕಡಿಮೆ’ ಎನ್ನಬೇಕು. ಒಂದು ಸುಳ್ಳಿನಿಂದ ಒಂದು ಗ್ಲಾಸು ಮಾರಬಹುದು, ಎರಡನೆಯದು ಮಾರಲಾಗದು. ಪೋರ್ಟ್ ಕುಡಿದು ಅಭ್ಯಾಸವಾದವರಿಗೆ ಖಾರ ಒಗರಿನ ಕ್ಯಾಬರ್ನೆಗಿಂತ ಗ್ರೆನಾಶ್ ಒಳ್ಳೆಯ ಮೆಟ್ಟಿಲು.

ಕೆಟ್ಟ ಬಾಟಲಿ ಗುರುತಿಸುವುದು

ಬಾಟಲಿ ತೆರೆದಾಗ ಒದ್ದೆಯಾದ ರಟ್ಟಿನ ಪೆಟ್ಟಿಗೆಯ, ಮಳೆಗಾಲದಲ್ಲಿ ಮುಚ್ಚಿದ ಕೋಣೆಯ ಮುಗ್ಗಲು ವಾಸನೆ ಬಂದರೆ ಅದು ಕಾರ್ಕಿನ ದೋಷ. ವಿನೆಗರ್ ವಾಸನೆ ಬಂದರೆ ಹುಳಿತು ಹೋಗಿದೆ. ಬೇಯಿಸಿದ ಜಾಮಿನ ಹಾಗೆ, ಸುಟ್ಟ ಸಕ್ಕರೆಯ ಹಾಗೆ ಇದ್ದರೆ ಬಿಸಿಗೆ ಬೆಂದಿದೆ. ಕಾರ್ಕ್ ಮೇಲಕ್ಕೆ ಉಬ್ಬಿ ಬಂದಿದ್ದರೆ, ಕುತ್ತಿಗೆಯಲ್ಲಿ ವೈನ್ ಸೋರಿ ಅಂಟಾಗಿದ್ದರೆ ತೆರೆಯುವ ಮೊದಲೇ ಸಂಶಯಪಡಿ. ತಳದಲ್ಲಿ ಚರಟ ಇರುವುದು ಮಾತ್ರ ದೋಷವಲ್ಲ. ಬಾಟಲಿ ನಿಲ್ಲಿಸಿಟ್ಟು, ನಿಧಾನವಾಗಿ ಬಗ್ಗಿಸಿದರೆ ಸಾಕು.

ಒಮ್ಮೆ ಮೇ ತಿಂಗಳಲ್ಲಿ ಒಬ್ಬ ಸರಬರಾಜುದಾರರು ನಮಗೆ ತಂದಿಳಿಸಿದ ಒಂದು ಪೆಟ್ಟಿಗೆಯಲ್ಲಿ ಮೂರು ಬಾಟಲಿಗಳ ಕಾರ್ಕ್ ಎದ್ದಿತ್ತು. ತಗಡಿನ ಗೋದಾಮಿನಲ್ಲಿ ಇಟ್ಟ ಮಾಲು. ಇಳಿಸಿಕೊಳ್ಳುವಾಗಲೇ ನೋಡಿದ್ದರಿಂದ ಹಿಂದೆ ಕಳುಹಿಸಲು ಸಾಧ್ಯವಾಯಿತು. ಸಹಿ ಹಾಕುವ ಮೊದಲು ಪೆಟ್ಟಿಗೆ ಬಿಚ್ಚಿ ನೋಡುವ ಅಭ್ಯಾಸ ಎಲ್ಲರಿಗೂ ಇರಲಿ.

ನಮ್ಮ ಸೆಕೆಯಲ್ಲಿ ವೈನ್

‘ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು’ ಎಂದು ಎಲ್ಲರೂ ಕೇಳಿರುತ್ತೇವೆ. ಆ ಕೋಣೆ ಯೂರೋಪಿನ ಕೋಣೆ, ಕಲ್ಯಾಣದ ಕೋಣೆಯಲ್ಲ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಅಡಿಗೆಮನೆಯ ಪಕ್ಕದ ಶೆಲ್ಫು 35 ಡಿಗ್ರಿ ದಾಟುತ್ತದೆ. ಗ್ರೆನಾಶ್ ಕೊಡಬೇಕಾದ್ದು ಸುಮಾರು 15-16 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮದ್ಯಸಾರ ಹೆಚ್ಚಿರುವ ವೈನಾದ್ದರಿಂದ ಬೆಚ್ಚಗಾದರೆ ಮೂಗಿಗೆ ಸ್ಪಿರಿಟ್ ಹೊಡೆಯುತ್ತದೆ, ಹಣ್ಣು ಮುಚ್ಚಿಹೋಗುತ್ತದೆ. ತೀರ ತಣ್ಣಗಾದರೆ ಪರಿಮಳ ಸಿಗದೆ ಚೊಗರು ಮಾತ್ರ ಉಳಿಯುತ್ತದೆ. ಎಸಿ ಕೋಣೆಯಲ್ಲಿಟ್ಟ ಬಾಟಲಿಯನ್ನು ಬಡಿಸುವ ಮೊದಲು 20-30 ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆ. ಬಿಯರ್ ಕೂಲರಿನಲ್ಲಿ ರಾತ್ರಿಯಿಡೀ ಇಟ್ಟದ್ದಾದರೆ ಹೊರಗೆ ತೆಗೆದು ಸ್ವಲ್ಪ ಹೊತ್ತು ಬಿಡಿ. ಐಸ್ ಹಾಕಿ ಕೊಡಬೇಡಿ. ಗಿರಾಕಿಯೇ ಕೇಳಿದರೆ ಅದು ಅವರ ಇಷ್ಟ, ನಗಬಾರದು.

ಸಂಗ್ರಹಕ್ಕೆ ಮೂರು ಶತ್ರು: ಬಿಸಿ, ಬೆಳಕು, ಅಲುಗಾಟ. ಶೋಕೇಸಿನ ಬಲ್ಬಿನ ಕೆಳಗೆ ವೈನ್ ಇಡುವುದನ್ನು ನಿಲ್ಲಿಸಬೇಕು. ಅಲಂಕಾರಕ್ಕೆ ಖಾಲಿ ಬಾಟಲಿ ಸಾಕು. ಕಾರ್ಕ್ ಇರುವ ಬಾಟಲಿಯನ್ನು ಮಲಗಿಸಿ ಇಡಿ, ಕಾರ್ಕ್ ಒಣಗುವುದಿಲ್ಲ. ತಿರುಗಣೆ ಮುಚ್ಚಳದ್ದನ್ನು ನಿಲ್ಲಿಸಿಯೂ ಇಡಬಹುದು. ತಿರುಗಣೆ ಮುಚ್ಚಳ ಎಂದರೆ ಅಗ್ಗದ ಮಾಲು ಎಂದೇನಿಲ್ಲ. ಆಸ್ಟ್ರೇಲಿಯಾದ ಒಳ್ಳೊಳ್ಳೆಯ ಗ್ರೆನಾಶ್ ಹಾಗೆಯೇ ಬರುತ್ತದೆ, ನಮ್ಮ ಸೆಕೆಗೂ ಕಾರ್ಕಿನ ಚಿಂತೆಯಿಲ್ಲ.

ನಮ್ಮ ಊಟದ ಜೊತೆ

ಇಲ್ಲಿಯೇ ಗ್ರೆನಾಶ್‌ನ ನಿಜವಾದ ಲಾಭ. ಚೊಗರು ಜೋರಿರುವ ವೈನ್ ಖಾರದ ಜೊತೆ ಸೇರಿದರೆ ಖಾರವೂ ಕಹಿಯೂ ಎರಡೂ ಹೆಚ್ಚಾಗುತ್ತವೆ. ಗ್ರೆನಾಶ್‌ನಲ್ಲಿ ಚೊಗರು ಕಡಿಮೆ, ಹಣ್ಣಿನ ರುಚಿ ಹೆಚ್ಚು. ಹಾಗಾಗಿ ಮಸಾಲೆಯನ್ನು ತಡೆದುಕೊಳ್ಳುತ್ತದೆ. ಬ್ಯಾಡಗಿ ಮೆಣಸು ಬಣ್ಣ ಹೆಚ್ಚು, ಖಾರ ಕಡಿಮೆ ಇರುವಂಥದ್ದು. ಅದರಲ್ಲಿ ಮಾಡಿದ ಕೋಳಿ ಸುಕ್ಕ, ಕುಂದಾಪುರದ ಚಿಕನ್ ಘೀ ರೋಸ್ಟ್, ತೆಂಗಿನ ಹಾಲಿನ ಗಸಿಯ ಕೋರಿ ರೊಟ್ಟಿ ಇವು ಗ್ರೆನಾಶ್ ಜೊತೆ ಒಪ್ಪುತ್ತವೆ. ಕೊತ್ತಂಬರಿ, ಮೆಂತೆ, ಕಾಳುಮೆಣಸು ಹುರಿದ ಪರಿಮಳಕ್ಕೂ ವೈನಿನ ಮಸಾಲೆ ಪರಿಮಳಕ್ಕೂ ಸಂಬಂಧ ಕೂಡುತ್ತದೆ. ತುಪ್ಪದ, ತೆಂಗಿನ ಜಿಡ್ಡು ಮದ್ಯಸಾರದ ಬಿಸಿಯನ್ನು ತಗ್ಗಿಸುತ್ತದೆ. ಮಂಗಳೂರಿನ ಪೋರ್ಕ್ ಬಫಾತ್, ಇಲ್ಲಿಯ ಆಗ್ರಿ ಶೈಲಿಯ ಮಟನ್ ಮತ್ತು ಭಾಕ್ರಿ, ತಂದೂರಿನ ಕಬಾಬ್ ಇವೂ ಸರಿ. ಸಸ್ಯಾಹಾರಿಗಳಿಗೆ ಅಣಬೆ, ಪನೀರ್ ಟಿಕ್ಕಾ, ಸುಟ್ಟ ಬದನೆಯ ಭರ್ತಾ.

ಎಚ್ಚರಿಕೆ ಎರಡು. ತೀರ ಖಾರದ ಪದಾರ್ಥ, ಲವಂಗಿ ಮೆಣಸಿನದ್ದು, ಬೇಡ. ಮದ್ಯಸಾರ ಖಾರದ ಉರಿಯನ್ನು ಹೆಚ್ಚಿಸುತ್ತದೆ. ಎರಡನೆಯದು ಹುಳಿ. ಬಂಗುಡೆ ಪುಳಿಮುಂಚಿಯಂಥ ಹುಣಿಸೆ ಜೋರಿನ ಪದಾರ್ಥದ ಮುಂದೆ ಹುಳಿ ಕಡಿಮೆಯ ಗ್ರೆನಾಶ್ ಸಪ್ಪೆಯಾಗುತ್ತದೆ. ಎಣ್ಣೆ ಮೀನಿನ ಜೊತೆ ಕೆಂಪು ವೈನ್ ಬಾಯಲ್ಲಿ ಕಬ್ಬಿಣದ ರುಚಿ ಕೊಡುವುದೂ ಉಂಟು. ಮೀನಿನವರಿಗೆ ಗ್ರೆನಾಶ್‌ನದ್ದೇ ರೋಸೆ ಅಥವಾ ಬಿಳಿ ವೈನ್ ಸೂಚಿಸಿ.

ಯಾವ ಬಾಟಲಿ ಇಡಬೇಕು?

ಕಲ್ಯಾಣದಿಂದ ಕಸಾರಾ ಘಾಟ್ ಹತ್ತಿದರೆ ನಾಸಿಕದ ದ್ರಾಕ್ಷಿ ಸೀಮೆ. 2001ರಲ್ಲಿ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದ ಮೇಲೆ ಅಲ್ಲಿ ವೈನರಿಗಳು ಬೆಳೆದವು. ಅಲ್ಲಿಯ ಸುಲಾ ಕಂಪೆನಿ ‘ದಿ ಸೋರ್ಸ್’ ಹೆಸರಿನಲ್ಲಿ ಗ್ರೆನಾಶ್ ರೋಸೆ ಮಾಡುತ್ತದೆ. ರೋಸೆ ಎಂದರೆ ಕೆಂಪು ದ್ರಾಕ್ಷಿಯ ರಸವನ್ನು ಸಿಪ್ಪೆಯ ಜೊತೆ ಸ್ವಲ್ಪ ಹೊತ್ತು ಮಾತ್ರ ಇಟ್ಟು ಬೇರ್ಪಡಿಸಿದ ಗುಲಾಬಿ ವೈನ್. ಅದನ್ನು 8-10 ಡಿಗ್ರಿಗೆ ತಣ್ಣಗೆ ಕೊಡಬೇಕು. ಗ್ರೆನಾಶ್ ಪರಿಚಯಕ್ಕೆ ಇದು ಸುಲಭದ ದಾರಿ.

ಗ್ರೆನಾಶ್ ಕೆಂಪು ವೈನ್ ನಮಗೆ ಹೆಚ್ಚಾಗಿ ಆಮದಿನ ಬಾಟಲಿಯಲ್ಲಿ ಸಿಗುತ್ತದೆ. ಸ್ಪೇನಿನದ್ದಾದರೆ ‘ಗರ್ನಾಚಾ’ ಎಂದು, ಫ್ರಾನ್ಸಿನದ್ದಾದರೆ ‘ಕೋಟ್ ದು ರೋನ್’ ಎಂದು ಲೇಬಲ್ ಇರುತ್ತದೆ. ಫ್ರಾನ್ಸಿನವರು ದ್ರಾಕ್ಷಿಯ ಹೆಸರಿಗಿಂತ ಊರಿನ ಹೆಸರನ್ನೇ ದೊಡ್ಡದಾಗಿ ಹಾಕುತ್ತಾರೆ, ಮೋಸ ಹೋಗಬೇಡಿ. ಆಮದು ವೈನಿಗೆ ನಮ್ಮಲ್ಲಿ 150 ಶೇಕಡಾ ಸುಂಕ ಇದ್ದದ್ದು, ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಮೇಲೆ, ಬಾಟಲಿಗೆ 5 ಡಾಲರಿಗಿಂತ ಹೆಚ್ಚು ಬೆಲೆಯ ಆಸ್ಟ್ರೇಲಿಯಾ ವೈನಿಗೆ 100 ಶೇಕಡಾಕ್ಕೆ, 15 ಡಾಲರಿಗಿಂತ ಹೆಚ್ಚಿನದ್ದಕ್ಕೆ 75 ಶೇಕಡಾಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಇನ್ನೂ ಹಂತಹಂತವಾಗಿ ಇಳಿಯಬೇಕು. ಸರಬರಾಜುದಾರರೊಡನೆ ದರ ಮಾತಾಡುವಾಗ ಈ ಸಂಗತಿ ನೆನಪಿರಲಿ.

ಆಮದು ಬೇಡ ಎನ್ನುವವರು ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನ ಫ್ರಾಟೆಲ್ಲಿಯವರ ಸಾಂಜೊವೇಸೆ ನೋಡಬಹುದು. ಜಾತಿ ಬೇರೆ, ಹುಳಿ ಸ್ವಲ್ಪ ಹೆಚ್ಚು, ಆದರೆ ಕೆಂಪು ಹಣ್ಣಿನ ರುಚಿ ಇದೆ, ಕ್ಯಾಬರ್ನೆಯಷ್ಟು ಭಾರವಲ್ಲ. ನಮ್ಮ ನಾಡಿನವರೇ ಆದ ದೊಡ್ಡಬಳ್ಳಾಪುರದ ಗ್ರೋವರ್ ವೈನರಿಯ ಮಾಲನ್ನು ಪಕ್ಕದಲ್ಲಿಟ್ಟರೆ ಹೋಲಿಸಿ ನೋಡುವುದಕ್ಕೂ ಆಯಿತು, ಊರಿನ ಅಭಿಮಾನಕ್ಕೂ ಆಯಿತು.

ಲೇಬಲಿನಲ್ಲಿ ವರ್ಷ ನೋಡಿ ಕೊಳ್ಳಿ. ರೋಸೆ ಒಂದೆರಡು ವರ್ಷದೊಳಗೆ, ಸಾಧಾರಣ ದರದ ಗ್ರೆನಾಶ್ ನಾಲ್ಕೈದು ವರ್ಷದೊಳಗೆ ಮುಗಿಯಬೇಕು. ‘ವೈನ್ ಹಳತಾದಷ್ಟು ಒಳ್ಳೆಯದು’ ಎಂಬುದು ಕೆಲವೇ ದುಬಾರಿ ವೈನ್‌ಗಳಿಗೆ ಸಲ್ಲುವ ಮಾತು. ಹಳೆ ಸ್ಟಾಕ್ ಖಾಲಿ ಮಾಡಲು ಬರುವ ಸೇಲ್ಸ್‌ಮನ್ ಈ ಮಾತನ್ನೇ ಹೇಳುತ್ತಾನೆ.

ಒಂದು ಬಾಟಲಿಯ ಲೆಕ್ಕ

750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ನ 5 ಗ್ಲಾಸು. ಉದಾಹರಣೆಗೆ ಬಾಟಲಿ ನಮಗೆ 1,600 ರೂ. ಬಿತ್ತು, ಗ್ಲಾಸಿಗೆ 650 ರೂ. ಇಟ್ಟೆವು ಎನ್ನೋಣ. ಐದೂ ಮಾರಿದರೆ 3,250 ರೂ. ತೆರಿಗೆ, ಖರ್ಚು ಬಿಟ್ಟು ನೋಡಿದರೆ 1,650 ರೂ. ಉಳಿಯಿತು. ಎರಡು ಗ್ಲಾಸು ಮಾರದೆ ಕೆಟ್ಟರೆ ಬಂದದ್ದು 1,950 ರೂ., ಉಳಿದದ್ದು 350 ರೂ. ಮಾತ್ರ. ವಿಸ್ಕಿ ಬಾಟಲಿ ತೆರೆದು ತಿಂಗಳು ಇಟ್ಟರೂ ನಷ್ಟವಿಲ್ಲ, ವೈನ್ ಹಾಗಲ್ಲ. ಅದರಲ್ಲೂ ಗ್ರೆನಾಶ್ ಗಾಳಿಗೆ ಬೇಗ ಸೋಲುವಂಥದ್ದು. ತೆರೆದ ಬಾಟಲಿಯನ್ನು ಗಾಳಿ ಎಳೆಯುವ ಪಂಪಿನ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ತೆರೆದ ತಾರೀಕು ಚೀಟಿಯಲ್ಲಿ ಬರೆದು ಅಂಟಿಸಿ. ಶುಕ್ರವಾರ ತೆರೆದರೆ ಶನಿ-ಭಾನುವಾರ ಮುಗಿಯುತ್ತದೆ. ಸೋಮವಾರ ತೆರೆದರೆ ಅಡಿಗೆಮನೆಗೇ ಹೋಗುತ್ತದೆ.

ಇನ್ನೊಂದು ಲೆಕ್ಕ ದುಡ್ಡಿಗಿಂತ ಮುಖ್ಯ. ಶೇಕಡಾ 14.5ರ ಗ್ರೆನಾಶ್ 150 ಮಿ.ಲೀ. ಗ್ಲಾಸಿನಲ್ಲಿ ಶುದ್ಧ ಮದ್ಯಸಾರ ಸುಮಾರು 22 ಮಿ.ಲೀ. ಶೇಕಡಾ 42.8ರ ವಿಸ್ಕಿಯ 30 ಮಿ.ಲೀ. ಪೆಗ್ಗಿನಲ್ಲಿ ಸುಮಾರು 13 ಮಿ.ಲೀ. ಅಂದರೆ ಎರಡು ಗ್ಲಾಸು ಗ್ರೆನಾಶ್ ಮೂರು ಸಣ್ಣ ಪೆಗ್ಗಿಗಿಂತ ಹೆಚ್ಚು. ‘ವೈನ್ ತಾನೇ, ಏನೂ ಆಗುವುದಿಲ್ಲ, ಆರೋಗ್ಯಕ್ಕೆ ಒಳ್ಳೆಯದು’ ಎಂದು ನಮ್ಮ ಹುಡುಗರು ಯಾವತ್ತೂ ಹೇಳಬಾರದು. ಮೃದುವಾಗಿರುವುದರಿಂದ ಕುಡಿದದ್ದು ತಿಳಿಯುವುದಿಲ್ಲ. ಘೋಡ್‌ಬಂದರ್ ರಸ್ತೆಯಲ್ಲಿ, ಪಾಮ್ ಬೀಚ್ ರಸ್ತೆಯಲ್ಲಿ ರಾತ್ರಿ ಗಾಡಿ ಓಡಿಸಿಕೊಂಡು ಹೋಗುವವರು ಅವರು. ಕೀ ಕೈಯಲ್ಲಿ ಕಂಡರೆ ರಿಕ್ಷಾ ಕರೆಸಿ ಕೊಡುವುದು ನಮ್ಮ ಧರ್ಮ. ಪರ್ಮಿಟ್, ವಯಸ್ಸಿನ ನಿಯಮ ವೈನಿಗೂ ಇದೆ ಎಂಬುದನ್ನು ಮರೆಯಬಾರದು.

ಕಲಿಸುವುದು ಹೇಗೆ?

ನಮ್ಮಲ್ಲಿ ಹೆಚ್ಚಿನವರು ರಾತ್ರಿ ಶಾಲೆಯಲ್ಲಿ ಓದಿ, ಟೇಬಲ್ ಒರೆಸುತ್ತಾ ಕೆಲಸ ಕಲಿತವರು. ಫ್ರೆಂಚ್ ಹೆಸರು ನೋಡಿ ಹೆದರಬೇಕಾದ್ದಿಲ್ಲ. ತಿಂಗಳಿಗೊಮ್ಮೆ ಕ್ಯಾಪ್ಟನ್, ಬಾರ್‌ಮನ್, ಇಬ್ಬರು ಹಿರಿಯ ವೇಟರುಗಳನ್ನು ಕೂರಿಸಿ ಮೂರು ಗ್ಲಾಸು ಇಡಿ: ಒಂದು ಗ್ರೆನಾಶ್, ಒಂದು ಕ್ಯಾಬರ್ನೆ, ಒಂದು ರೋಸೆ. ಹೆಸರು ಮುಚ್ಚಿ, ಬಣ್ಣ ಯಾವುದು ತಿಳಿ, ಚೊಗರು ಯಾವುದರಲ್ಲಿ ಹೆಚ್ಚು ಎಂದು ಕೇಳಿ. ಮೂರು ಸಲ ಮಾಡಿದರೆ ಗುರುತಿಸುತ್ತಾರೆ. ಕುಡಿಯದ ಹುಡುಗರಿಗೆ ಒತ್ತಾಯ ಬೇಡ, ಮೂಸಿದರೂ ಅರ್ಧ ವಿದ್ಯೆ ಬಂತು. ಪ್ರತಿಯೊಬ್ಬನೂ ಗಿರಾಕಿಗೆ ಹೇಳಬಹುದಾದ ಎರಡು ವಾಕ್ಯ, ತನ್ನದೇ ಮಾತಿನಲ್ಲಿ, ಮರಾಠಿಯಲ್ಲೂ ಹಿಂದಿಯಲ್ಲೂ ಕಲಿಯಲಿ. ಬಾಟಲಿ ತೆರೆದಾಗ ಆರ್ಡರ್ ಕೊಟ್ಟವರಿಗೆ ಮೊದಲು ಸ್ವಲ್ಪ ಹಾಕಿ ತೋರಿಸುವುದು, ಅವರು ಸರಿ ಎಂದ ಮೇಲೆ ಉಳಿದವರಿಗೆ ಹಾಕುವುದು, ಕೊನೆಗೆ ಅವರ ಗ್ಲಾಸು ತುಂಬುವುದು, ಈ ಮರ್ಯಾದೆಯೂ ಅಭ್ಯಾಸವಾಗಲಿ.

ಸೆಪ್ಟೆಂಬರಿನ ಮೂರನೇ ಶುಕ್ರವಾರವನ್ನು ಹಲವು ದೇಶಗಳಲ್ಲಿ ಗ್ರೆನಾಶ್ ದಿನವೆಂದು ಆಚರಿಸುತ್ತಾರೆ. ನಮ್ಮ ಕಡೆ ಅದು ಗಣೇಶೋತ್ಸವ ಅಥವಾ ಪಿತೃಪಕ್ಷದ ನಡುವೆ ಬರುವುದೇ ಹೆಚ್ಚು, ವ್ಯಾಪಾರಕ್ಕೆ ಆಗಿಬರುವುದಿಲ್ಲ. ಡಿಸೆಂಬರ್, ಜನವರಿಯ ತಂಪು ರಾತ್ರಿಗಳಲ್ಲಿ ಘೀ ರೋಸ್ಟ್ ಜೊತೆ ಒಂದು ಗ್ಲಾಸು ಗ್ರೆನಾಶ್ ಎಂದು ಒಂದು ದರ ಕಟ್ಟಿ ಮೆನುವಿನಲ್ಲಿ ಹಾಕಿ ನೋಡಿ. ಮೊದಲ ತಿಂಗಳು ಆರು ಬಾಟಲಿ ಸಾಕು. ಮಾರಿದ ಗ್ಲಾಸೆಷ್ಟು, ಕೆಟ್ಟದ್ದೆಷ್ಟು ಎಂದು ಪುಸ್ತಕದಲ್ಲಿ ಬರೆದಿಡಿ. ಲೆಕ್ಕ ಸರಿ ಕಂಡರೆ ಮುಂದುವರಿಸಿ, ಇಲ್ಲವಾದರೆ ನಿಲ್ಲಿಸಿ. ಯಾವ ಪದಾರ್ಥದ ಜೊತೆ ಗಿರಾಕಿ ಮೆಚ್ಚಿದರು ಎಂಬುದನ್ನು ಸಂಘದ ಮುಂದಿನ ಸಭೆಯಲ್ಲಿ ನಮಗೂ ತಿಳಿಸಿ. ಎಲ್ಲರ ಅನುಭವ ಸೇರಿದರೆ ನಮ್ಮ ಊಟಕ್ಕೆ ಹೊಂದುವ ಒಂದು ವೈನ್ ಪಟ್ಟಿ ನಾವೇ ಮಾಡಿಕೊಳ್ಳಬಹುದು.